ಪಂಜೆ ಮಂಗೇಶರಾಯರು ಮತ್ತು ‘ಕೋಟಿ ಚೆನ್ನಯ’

1

ಹೊಸಗನ್ನಡ ಸಾಹಿತ್ಯದ ಅರುಣೋದಯ ಕಾಲವನ್ನು ಕುರಿತು ಬರೆದವರೆಲ್ಲರೂ ಪಂಜೆ ಮಂಗೇಶರಾಯರ ಹೆಸರನ್ನು ಗೌರವದಿಂದ ಉಲ್ಲೇಖಿಸುತ್ತ ಬಂದಿದ್ದಾರೆ. ಆದರೆ ಆ ಗೌರವದಲ್ಲಿ ಒಂದು ಬಗೆಯ ರಿಯಾಯಿತಿಯೂ ಬೆರೆತಿದೆ. ಮಕ್ಕಳಿಗಾಗಿ ಬರೆದವರು, ಪಠ್ಯಪುಸ್ತಕಗಳನ್ನು ಸಿದ್ಧಪಡಿಸಿದವರು, ಸಣ್ಣಕಥೆಗೆ ಮೊದಲ ಹೆಜ್ಜೆ ಹಾಕಿಕೊಟ್ಟವರು ಎಂಬ ಮಾತುಗಳನ್ನಾಡಿ ಸಾಹಿತ್ಯಚರಿತ್ರೆಯು ಅವರನ್ನು ಹೊಸ್ತಿಲಲ್ಲಿಯೇ ನಿಲ್ಲಿಸಿ ತಾನು ನವೋದಯದ ಒಳಮನೆಗೆ ನಡೆದುಬಿಡುತ್ತದೆ. ಮಕ್ಕಳಿಗಾಗಿ ಬರೆದುದು ಸಾಹಿತ್ಯದ ಪೂರ್ವಸಿದ್ಧತೆಯೇ ಹೊರತು ಸಾಹಿತ್ಯವಲ್ಲ ಎಂಬ ಗ್ರಹಿಕೆಯೊಂದು ಈ ನಡೆಯ ಹಿಂದೆ ಅಡಗಿದೆ. ಪಂಜೆಯವರ ಬಾಳನ್ನೂ ಅವರು ತುಳುನಾಡಿನ ಪಾಡ್ದನದಿಂದ ಎತ್ತಿಕೊಂಡು ಕನ್ನಡ ಗದ್ಯದಲ್ಲಿ ಹೇಳಿದ ‘ಕೋಟಿ ಚೆನ್ನಯ’ವನ್ನೂ ಜೊತೆಯಲ್ಲಿಟ್ಟು ನೋಡಿದಾಗ ಈ ಗ್ರಹಿಕೆ ನಿಲ್ಲುವುದಿಲ್ಲ.

ಹೈದರಾಬಾದಿನ ಕನ್ನಡಿಗರಿಗೆ ಪಂಜೆಯವರನ್ನು ನೆನೆಯಲು ಮತ್ತೊಂದು ಕಾರಣವುಂಟು. ಪಶ್ಚಿಮ ಕರಾವಳಿಯ ಬಂಟವಾಳದಲ್ಲಿ ಹುಟ್ಟಿದ ಈ ಲೇಖಕರ ಬಾಳು ಕೊನೆಗೊಂಡದ್ದು 1937ರ ಅಕ್ಟೋಬರಿನಲ್ಲಿ, ಈ ನಗರದಲ್ಲಿ. ಅದಕ್ಕೆ ಮೂರು ವರ್ಷ ಮೊದಲು, ಅಂದಿನ ನಿಜಾಮ್ ಸಂಸ್ಥಾನಕ್ಕೆ ಸೇರಿದ್ದ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕಡಲತೀರದಲ್ಲಿ ಮೊದಲಾಗಿ ಕೊಡಗಿನ ಮಲೆಗಳನ್ನು ಹಾದು ದಖ್ಖನಿನ ಪ್ರಸ್ಥಭೂಮಿಯಲ್ಲಿ ಮುಗಿದ ಈ ಬಾಳಿನ ಹಾದಿಯಲ್ಲಿ ಅಂದು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡನಾಡಿನ ಮೂರು ಭಾಗಗಳು ಎದುರಾಗುತ್ತವೆ.

2

ಮಂಗೇಶರಾಯರು 1874ರ ಫೆಬ್ರವರಿ 22ರಂದು ನೇತ್ರಾವತಿಯ ದಂಡೆಯ ಬಂಟವಾಳದಲ್ಲಿ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯ. ಮನೆತನದ ಹೆಸರು ಸುಬ್ರಹ್ಮಣ್ಯದ ಆಸುಪಾಸಿನ ಪಂಜ ಎಂಬ ಊರನ್ನು ನೆನಪಿಗೆ ತರುತ್ತದೆ. ಮನೆಯಲ್ಲಿ ಆಡುವ ಮಾತು ಕೊಂಕಣಿ, ಬೀದಿಯಲ್ಲಿಯೂ ಗದ್ದೆಯಲ್ಲಿಯೂ ಕೇಳಿಬರುವುದು ತುಳು, ಶಾಲೆಯಲ್ಲಿ ಕಲಿಯುವುದು ಕನ್ನಡ, ಉದ್ಯೋಗಕ್ಕೆ ಬೇಕಾದುದು ಇಂಗ್ಲಿಷು. ದಕ್ಷಿಣ ಕನ್ನಡ ಜಿಲ್ಲೆಯ ಬಾಲಕನಿಗೆ ಈ ನಾಲ್ಕು ಭಾಷೆಗಳ ನಡುವಿನ ಓಡಾಟ ಸಹಜವಾದದ್ದು. ಆದರೆ ಕನ್ನಡವು ತೊಟ್ಟಿಲಿನಲ್ಲಿ ಸಿಕ್ಕಿದ ಮಾತಲ್ಲ, ಕಲಿತು ಗಳಿಸಿಕೊಂಡ ಮಾತು ಎಂಬ ಅರಿವು ಪಂಜೆಯವರ ಬರೆಹದ ಬುಡದಲ್ಲಿದೆ. ಮಗುವಿಗೆ ಭಾಷೆಯು ಮೊದಲು ನಾದವಾಗಿ, ಆಮೇಲೆ ಅರ್ಥವಾಗಿ ಒದಗುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ತಿಳಿದಿದ್ದ ಕನ್ನಡ ಲೇಖಕರು ವಿರಳ.

ತಂದೆಯವರು ಬೇಗನೆ ತೀರಿಕೊಂಡುದರಿಂದ ಕುಟುಂಬದ ಹೊಣೆ ಎಳೆಯ ಹೆಗಲಿಗೆ ಬಿದ್ದಿತು. ವಿದ್ಯಾಭ್ಯಾಸವು ಅಡೆತಡೆಯಿಲ್ಲದೆ ಸಾಗುವ ಸ್ಥಿತಿ ಇರಲಿಲ್ಲ. ಮಂಗಳೂರಿಗೆ ಬಂದು ಓದುತ್ತ, ದುಡಿಯುತ್ತ, ಮನೆಯನ್ನು ನಡೆಸುತ್ತ ಅವರು ಹಂತಹಂತವಾಗಿ ಮೇಲೇರಿದರು. 1896ರ ಸುಮಾರಿಗೆ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಅವರಿಗಿಂತ ಮೊದಲು ಆ ಹುದ್ದೆಯಲ್ಲಿದ್ದವರು ಬೆನಗಲ್ ರಾಮರಾಯರು. ರಾಯರ ತಂಗಿಯನ್ನು ಪಂಜೆಯವರು ವಿವಾಹವಾಗಿದ್ದರು; ಈ ನಂಟು ಮುಂದೆ ಸಾಹಿತ್ಯದ ನಂಟಾಗಿಯೂ ಫಲಿಸಿತು. ಪಂಡಿತ ವೃತ್ತಿಯಲ್ಲಿದ್ದುಕೊಂಡೇ ಅವರು ಪದವಿಯನ್ನೂ ಅಧ್ಯಾಪಕರ ತರಬೇತಿಯನ್ನೂ ಪೂರೈಸಿ ಶಿಕ್ಷಣ ಇಲಾಖೆಯನ್ನು ಸೇರಿದರು. ಶಾಲಾ ತನಿಖಾಧಿಕಾರಿಯಾಗಿ ಹಳ್ಳಿಹಳ್ಳಿಗಳನ್ನು ಸುತ್ತಿದರು. ಅಧ್ಯಾಪಕರನ್ನು ತಯಾರುಮಾಡುವ ಕೆಲಸದಲ್ಲಿಯೂ ತೊಡಗಿದರು. ಮಂಜೇಶ್ವರದ ಗೋವಿಂದ ಪೈಗಳು ಮಂಗಳೂರಿನಲ್ಲಿ ಅವರ ಶಿಷ್ಯರಾಗಿದ್ದರು ಎಂಬುದು ಗುರುವಿಗೂ ಶಿಷ್ಯನಿಗೂ ಸಮಾನವಾಗಿ ಕೀರ್ತಿ ತರುವ ಸಂಗತಿ.

ತನಿಖಾಧಿಕಾರಿಯ ತಿರುಗಾಟವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ತಮ್ಮ ಪುಸ್ತಕವು ಎಂಥ ಕೈಗಳಿಗೆ ಹೋಗುತ್ತದೆ ಎಂಬುದನ್ನು ಸಾಮಾನ್ಯವಾಗಿ ಲೇಖಕರು ಕಾಣುವುದಿಲ್ಲ. ಪಂಜೆಯವರು ಕಂಡವರು. ಹುಲ್ಲುಮಾಡಿನ ಶಾಲೆಗಳು, ಮಳೆಗಾಲದಲ್ಲಿ ತೊರೆ ದಾಟಿ ಬರುವ ಮಕ್ಕಳು, ಒಂದೇ ಪುಸ್ತಕವನ್ನು ಹಂಚಿಕೊಂಡು ಓದುವ ಬೆಂಚುಗಳು, ಕನ್ನಡದ ವಾಕ್ಯವನ್ನು ತಮ್ಮ ಮನೆಮಾತಿನ ಉಸಿರಿನಲ್ಲಿ ಓದುವ ನಾಲಗೆಗಳು, ಇವೆಲ್ಲ ಕರಾವಳಿಯ ಶಾಲೆಗಳ ದಿನನಿತ್ಯದ ನೋಟಗಳು. ಆ ಮಕ್ಕಳಿಗೆ ಅಂದು ದೊರೆಯುತ್ತಿದ್ದ ಪಾಠಗಳಲ್ಲಿ ನೀತಿಯ ಭಾರವಿತ್ತು, ಅನುವಾದದ ಜಡತೆಯಿತ್ತು. ಮಗುವಿನ ನಗೆ ಇರಲಿಲ್ಲ. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಪಂಜೆಯವರು ಬರೆಯತೊಡಗಿದರು ಎಂದರೆ ತಪ್ಪಾಗದು.

3

1900ರಲ್ಲಿ ಬೆನಗಲ್ ರಾಮರಾಯರು ಮಂಗಳೂರಿನಲ್ಲಿ ‘ಸುವಾಸಿನಿ’ ಪತ್ರಿಕೆಯನ್ನು ಆರಂಭಿಸಿದರು. ಪಂಜೆಯವರ ಆರಂಭಕಾಲದ ಕಥೆಗಳು ಬೆಳಕು ಕಂಡದ್ದು ಅಲ್ಲಿಯೇ. ‘ನನ್ನ ಚಿಕ್ಕತಾಯಿ’, ‘ನನ್ನ ಚಿಕ್ಕತಂದೆ’, ‘ಕಮಲಾಪುರದ ಹೊಟ್ಲಿನಲ್ಲಿ’, ‘ಭಾರತ ಶ್ರವಣ’ ಮೊದಲಾದ ರಚನೆಗಳಲ್ಲಿ ಹರಟೆ, ವಿಡಂಬನೆ ಮತ್ತು ಕಥೆ ಒಂದರೊಳಗೊಂದು ಹೆಣೆದುಕೊಂಡಿವೆ. ಮಾಸ್ತಿಯವರ ಮೊದಲ ಕಥೆಗಿಂತ ಸುಮಾರು ಹತ್ತು ವರ್ಷ ಹಿಂದಿನ ಬರೆಹಗಳಿವು. ಚಾರಿತ್ರಿಕ ವಸ್ತುವನ್ನೆತ್ತಿಕೊಂಡ ‘ದುರ್ಗಾವತಿ’, ‘ವೀರಮತಿ’ಗಳಂಥ ಕಥೆಗಳೂ ಅವರಿಂದ ಬಂದವು. ಕವಿತೆಗಳಿಗೆ ಅವರು ಇಟ್ಟುಕೊಂಡ ಹೆಸರು ಕವಿಶಿಷ್ಯ. ಗದ್ಯಕ್ಕೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವಾಗಿಸಿ ರಾ.ಮ.ಪಂ. ಎಂದು ಮಾಡಿಕೊಂಡರು. ತಾನು ಕವಿಯಲ್ಲ, ಕವಿಗಳ ಶಿಷ್ಯ ಎಂಬ ಮೊದಲನೆಯ ಹೆಸರಿನ ವಿನಯ ಮತ್ತು ತನ್ನ ಹೆಸರನ್ನೇ ತಲೆಕೆಳಗಾಗಿಸಿ ನಗುವ ಎರಡನೆಯ ಹೆಸರಿನ ತುಂಟತನ, ಇವೆರಡೂ ಸೇರಿದುದೇ ಪಂಜೆಯವರ ವ್ಯಕ್ತಿತ್ವ.

ಮಕ್ಕಳಿಗಾಗಿ ಅವರು ಬರೆದ ಕಥೆಗಳ ಹೆಸರುಗಳೇ ಮಕ್ಕಳ ಬಾಯಲ್ಲಿ ಆಟವಾಡುವಂಥವು: ‘ಹೇನು ಸತ್ತು ಕಾಗೆ ಬಡವಾಯಿತು’, ‘ಗುಡುಗುಡು ಗುಮ್ಮಟದೇವರು’, ‘ಒಡ್ಡನ ಓಟ’, ‘ಸಿಗಡಿ ಯಾಕೆ ಒಣಗಲಿಲ್ಲ’, ‘ಮೆಣಸಿನಕಾಳಪ್ಪ’. ಸರಪಣಿ ಕಥೆಯ ಜನಪದ ತಂತ್ರ, ಅನುಕರಣ ಶಬ್ದಗಳ ಗದ್ದಲ, ಒಂದೇ ಮಾತು ಮರಳಿ ಮರಳಿ ಬರುವ ಬಗೆ ಇವುಗಳಲ್ಲಿ ಎದ್ದು ಕಾಣುತ್ತವೆ. ಕನ್ನಡವನ್ನು ಎರಡನೆಯ ಮಾತಾಗಿ ಕಲಿಯುವ ಮಗುವಿಗೆ ಪುನರುಕ್ತಿಯೇ ಊರುಗೋಲು. ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಇಲಿಗಳ ಐತಿಹ್ಯವು ಅವರ ಕೈಯಲ್ಲಿ ‘ಇಲಿಗಳ ಥಕಥೈ’ ಆಯಿತು. ಅದೇ ಐತಿಹ್ಯವು ಕುವೆಂಪು ಅವರಲ್ಲಿ ಕಿಂದರಿಜೋಗಿಯಾಗಿ ಅವತರಿಸಿದುದನ್ನು ನೆನೆದರೆ, ಹೊರಗಿನ ವಸ್ತುವನ್ನು ಒಳಗಿನದಾಗಿಸಿಕೊಳ್ಳುವ ಕನ್ನಡದ ಕ್ರಮಕ್ಕೆ ಪಂಜೆಯವರು ಎಂಥ ಮುನ್ನುಡಿ ಬರೆದರೆಂಬುದು ತಿಳಿಯುತ್ತದೆ.

ಅವರ ‘ನಾಗರ ಹಾವೆ’ ಪದ್ಯವನ್ನು ಬಾಲ್ಯದಲ್ಲಿ ಹಾಡದ ಕನ್ನಡಿಗರು ಕಡಿಮೆ. ಭಯ ಹುಟ್ಟಿಸುವ ಪ್ರಾಣಿಯೊಂದನ್ನು ಮಗು ಮಾತಿಗೆ ಕರೆಯುವ ಆ ಪದ್ಯದಲ್ಲಿ ಭಯವೂ ಇದೆ, ಭಯವನ್ನು ಮೀರುವ ಸಲಿಗೆಯೂ ಇದೆ. ‘ತೆಂಕಣ ಗಾಳಿಯಾಟ’ದಲ್ಲಿ ಕಡಲಿನಿಂದ ನುಗ್ಗಿಬರುವ ಗಾಳಿಯ ಚಲನೆಯು ಪದಗಳ ಚಲನೆಯೇ ಆಗಿದೆ. ‘ಡೊಂಬರ ಚೆನ್ನೆ’ಯಲ್ಲಿ ಊರೂರು ಅಲೆಯುವ ಡೊಂಬರ ಹೆಣ್ಣು ಕಥನಕವನದ ನಾಯಕಿಯಾಗಿದ್ದಾಳೆ. ಮುಂದೆ ಕೊಡಗಿನಲ್ಲಿ ಕೆಲಸಮಾಡುವಾಗ ಆ ನಾಡಿನ ಸುಗ್ಗಿಹಬ್ಬವನ್ನು ಕುರಿತು ಬರೆದ ‘ಹುತ್ತರಿಯ ಹಾಡು’ ಕೊಡವರ ನಾಡಗೀತೆಯಂತೆ ನೆಲೆನಿಂತಿತು. ಬಾಸೆಲ್ ಮಿಶನ್ನಿಗಾಗಿ ಅವರು ಸಿದ್ಧಪಡಿಸಿದ ಕನ್ನಡ ಪಠ್ಯಪುಸ್ತಕಗಳು ಅನೇಕ ವರ್ಷ ಶಾಲೆಗಳಲ್ಲಿ ಬಳಕೆಯಲ್ಲಿದ್ದವು. ಕಿಟ್ಟೆಲರು ಸಂಪಾದಿಸಿದ್ದ ‘ಶಬ್ದಮಣಿದರ್ಪಣ’ವನ್ನು ಪರಿಷ್ಕರಿಸಿದವರೂ ಅವರೇ. ಕೇಶಿರಾಜನ ಸೂತ್ರಗಳನ್ನೂ ಕಾಗೆ ಹೇನುಗಳ ಕಥೆಯನ್ನೂ ಒಂದೇ ಶ್ರದ್ಧೆಯಿಂದ ನೋಡಬಲ್ಲ ವಿದ್ವತ್ತು ಅದು. ಮಕ್ಕಳ ಪುಸ್ತಕಗಳ ಪ್ರಕಟಣೆಗೆಂದೇ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದುದು ಈ ಶ್ರದ್ಧೆಯ ಮತ್ತೊಂದು ಮುಖ.

4

‘ಕೋಟಿ ಚೆನ್ನಯ’ದ ಮೂಲವು ತುಳುವಿನ ಪಾಡ್ದನ. ಬಿಲ್ಲವ ಸಮುದಾಯದ ಅವಳಿ ವೀರರ ಈ ಕಥೆಯನ್ನು ತುಳುನಾಡಿನ ಗರಡಿಗಳಲ್ಲಿ ನೇಮದ ಸಂದರ್ಭದಲ್ಲಿ ಹಾಡುತ್ತಾರೆ. ನಾಟಿಗದ್ದೆಯಲ್ಲಿ ಹೆಂಗಸರ ಬಾಯಲ್ಲಿಯೂ ಪಾಡ್ದನಗಳು ಕೇಳಿಬರುತ್ತವೆ. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಪಾಡ್ದನಗಳ ಸಂಗ್ರಹವೊಂದನ್ನು ಮಂಗಳೂರಿನಲ್ಲಿ ಅಚ್ಚುಹಾಕಿಸಿದ್ದರು. ಬರ್ನೆಲ್ ಸಂಗ್ರಹಿಸಿದ್ದ ಸಾಮಗ್ರಿಯು ಇಂಗ್ಲಿಷ್ ಅನುವಾದದೊಡನೆ 1890ರ ದಶಕದಲ್ಲಿ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವಿದ್ವಾಂಸರಿಗೆ ಪಾಡ್ದನವು ಭೂತಾರಾಧನೆಯ ದಾಖಲೆ. ಪಂಜೆಯವರು ಅದರಲ್ಲಿ ಕಂಡುದು ಎಲ್ಲ ಮಕ್ಕಳೂ ಓದಬೇಕಾದ ಒಂದು ಕಥೆಯನ್ನು.

ಕಥೆಯ ಆರಂಭವೇ ಒಂದು ಗಾಯದಿಂದ. ಪಡುಮಲೆಯ ಪೆರುಮಾಳ ಬಲ್ಲಾಳನ ಕಾಲಿಗೆ ಮುಳ್ಳು ನೆಟ್ಟು ವ್ರಣವಾಗುತ್ತದೆ. ಯಾರಿಂದಲೂ ಗುಣವಾಗದ ಆ ನೋವನ್ನು ಮದ್ದು ಬಲ್ಲ ದೇಯಿ ಬೈದೆತಿಯು, ತಾನು ತುಂಬು ಬಸುರಿಯಾಗಿದ್ದರೂ ಬಂದು ವಾಸಿಮಾಡುತ್ತಾಳೆ. ಅವಳಿಗೆ ಅವಳಿ ಗಂಡುಮಕ್ಕಳು ಹುಟ್ಟುತ್ತಾರೆ. ಆದರೆ ತಾಯಿ ಉಳಿಯುವುದಿಲ್ಲ. ಮಾವ ಸಾಯನ ಬೈದ್ಯನ ಆಶ್ರಯದಲ್ಲಿ ಬೆಳೆಯುವ ಕೋಟಿ ಮತ್ತು ಚೆನ್ನಯರಿಗೆ ಚಿಕ್ಕಂದಿನ ಆಟದಲ್ಲಿಯೇ ಅವಮಾನದ ಮೊದಲ ರುಚಿ ಸಿಗುತ್ತದೆ. ಬಲ್ಲಾಳನ ಅಧಿಕಾರಿಯಾದ ಬುದ್ಧಿವಂತನೊಡನೆ ಹುಟ್ಟಿದ ಆ ವೈರ ಮುಂದೆ ಗದ್ದೆಯ ಉಳುಮೆ ಮತ್ತು ನೀರಿನ ಹಕ್ಕಿನ ಜಗಳವಾಗಿ ಬೆಳೆದು ಬುದ್ಧಿವಂತನ ಸಾವಿನಲ್ಲಿ ಮುಗಿಯುತ್ತದೆ. ತಾಯಿ ಮಾಡಿದ ಉಪಕಾರಕ್ಕೆ ಸಲ್ಲಬೇಕಾದುದನ್ನು ಮಕ್ಕಳು ಕೇಳಿದಾಗ ಬಲ್ಲಾಳನು ಕೊಡುವುದಿಲ್ಲ. ಹುಟ್ಟಿದ ಊರನ್ನು ಬಿಟ್ಟು ಹೊರಟವರು ಪಂಜವನ್ನು ಸೇರುತ್ತಾರೆ. ಅಲ್ಲಿ ಅಕ್ಕ ಕಿನ್ನಿದಾರುವಿನ ಮನೆ ಸಿಕ್ಕುತ್ತದೆ. ಅಲ್ಲಿಯೇ ಮೋಸವೂ ಸೆರೆಯೂ ಕಾದಿರುತ್ತವೆ. ಸೆರೆಯಿಂದ ಪಾರಾಗಿ ಎಣ್ಮೂರಿಗೆ ಹೋದ ಅವರಿಗೆ ಅಲ್ಲಿಯ ಬಲ್ಲಾಳನ ಆದರ ದೊರೆಯುತ್ತದೆ. ಕೊನೆಗೆ ಎಣ್ಮೂರಿನ ಪರವಾಗಿ ಕಾದಾಡುತ್ತ ಕೋಟಿ ಮಡಿಯುತ್ತಾನೆ. ಅಣ್ಣನಿಲ್ಲದ ಬಾಳು ಬೇಡವೆಂದು ಚೆನ್ನಯನೂ ಪ್ರಾಣ ಬಿಡುತ್ತಾನೆ.

ಪಂಜೆಯವರ ಮನೆತನಕ್ಕೆ ಹೆಸರು ಕೊಟ್ಟ ಊರೂ ಈ ಅವಳಿಗಳು ಸೆರೆಬಿದ್ದ ಊರೂ ಒಂದೇ ಎಂಬುದು ಕಾಕತಾಳೀಯವಿರಬಹುದು. ಆದರೆ ಬರೆಯುವವರಿಗೆ ಈ ಕಥೆಯ ನೆಲವು ದೂರದ ನೆಲವಾಗಿರಲಿಲ್ಲ ಎಂಬುದಂತೂ ನಿಜ. ಎಳವೆಯಲ್ಲಿ ಆಸರೆಯನ್ನು ಕಳೆದುಕೊಂಡು ಸ್ವಂತ ಬಲದಿಂದ ಬಾಳನ್ನು ಕಟ್ಟಿಕೊಳ್ಳುವ ಮಕ್ಕಳ ಕಥೆಯನ್ನು, ತಂದೆಯನ್ನು ಬೇಗನೆ ಕಳೆದುಕೊಂಡ ಲೇಖಕರು ಆರಿಸಿಕೊಂಡಿದ್ದಾರೆ. ಈ ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಲೇಖಕರ ಬಾಳಿಗೆ ಕೃತಿಯನ್ನು ಕನ್ನಡಿಯಾಗಿಸುವುದರಿಂದ ಕೃತಿಗೆ ಲಾಭವಿಲ್ಲ. ಅವರ ಆಯ್ಕೆಯ ಸಾಮಾಜಿಕ ಅರ್ಥವೇ ಇಲ್ಲಿ ಮುಖ್ಯ. ಜಾತಿಯ ಶ್ರೇಣಿಯಲ್ಲಿ ಮೇಲಿದ್ದ ಅಧ್ಯಾಪಕರೊಬ್ಬರು ದುಡಿಯುವ ಸಮುದಾಯದ ವೀರರನ್ನು ಕನ್ನಡದ ಎಲ್ಲ ಮಕ್ಕಳ ಆದರ್ಶವಾಗಿ ಮುಂದಿಟ್ಟರು. ಪುರಾಣದ ಧ್ರುವ ಪ್ರಹ್ಲಾದರೂ ಇಂಗ್ಲಿಷಿನ ವೀರರೂ ತುಂಬಿದ್ದ ಅಂದಿನ ಬಾಲಸಾಹಿತ್ಯದಲ್ಲಿ ಬಿಲ್ಲವ ತಾಯಿಯ ಮಕ್ಕಳಿಗೆ ನಾಯಕಪಟ್ಟ ದೊರೆತದ್ದು ಸಣ್ಣ ಸಂಗತಿಯಲ್ಲ.

ಅನಾಥ ಬಾಲಕರ ಕಷ್ಟಸಹಿಷ್ಣುತೆಯನ್ನು ಕುರಿತ ಕಾದಂಬರಿಗಳು ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಹೇರಳವಾಗಿ ಬಂದವು. ಇಂಗ್ಲೆಂಡಿನ ಡಿಕನ್ಸನ ಆಲಿವರ್ ಟ್ವಿಸ್ಟ್, 1878ರಲ್ಲಿ ಪ್ರಕಟವಾದ ಫ್ರೆಂಚ್ ಲೇಖಕ ಹೆಕ್ಟರ್ ಮಾಲೋನ ಕಾದಂಬರಿಯ ರೆಮಿ, ಇವರಿಬ್ಬರೂ ಎಲ್ಲ ಸಂಕಟಗಳನ್ನು ದಾಟಿದ ಮೇಲೆ ತಮ್ಮ ಕುಲವನ್ನೂ ಆಸ್ತಿಯನ್ನೂ ಮರಳಿ ಪಡೆಯುತ್ತಾರೆ. ಕಷ್ಟವು ಅಲ್ಲಿ ಪರೀಕ್ಷೆ, ಕೊನೆಯಲ್ಲಿ ಬಹುಮಾನ ಉಂಟು. ಕೋಟಿ ಚೆನ್ನಯರಿಗೆ ಇಂಥ ಬಹುಮಾನವಿಲ್ಲ. ಅವರು ಕೇಳಿದ್ದು ದಾನವನ್ನಲ್ಲ, ತಾಯಿಯ ಶ್ರಮಕ್ಕೆ ಸಲ್ಲಬೇಕಾದ ಋಣವನ್ನು. ಅದು ಸಿಕ್ಕುವುದಿಲ್ಲ. ಹಾಗಿದ್ದೂ ಅವರು ಕುಗ್ಗುವುದಿಲ್ಲ, ಆಶ್ರಯ ಕೊಟ್ಟವನಿಗೆ ಎರಡು ಬಗೆಯುವುದಿಲ್ಲ, ಒಬ್ಬರನ್ನೊಬ್ಬರು ಬಿಡುವುದಿಲ್ಲ. ಗೆಲುವಿನಿಂದ ಅಳೆಯಲಾಗದ ಧೈರ್ಯವೊಂದಿದೆ ಎಂಬ ಗಂಭೀರವಾದ ಅರಿವು ಇದು. ಇದನ್ನು ಮಕ್ಕಳಿಗೆ ಹೇಳಬಹುದು ಎಂದು ನಂಬಿದುದು ಪಂಜೆಯವರ ದೊಡ್ಡಸ್ತಿಕೆ. ಮಕ್ಕಳ ಕಥೆ ಸುಖಾಂತವಾಗಿಯೇ ಇರಬೇಕೆಂಬ ನಿಯಮಕ್ಕೆ ಅವರು ಕಟ್ಟುಬೀಳಲಿಲ್ಲ.

ಪಾಡ್ದನವು ಕನ್ನಡ ಗದ್ಯವಾಗುವಾಗ ಕಳೆದುಕೊಳ್ಳುವುದೂ ಇದೆ. ಹಾಡಿನ ಲಯ, ಆರಾಧನೆಯ ಆವರಣ, ತುಳುವಿನ ನುಡಿಗಟ್ಟಿನ ಬಿಗುವು ಇವು ಪುಸ್ತಕದ ಪುಟಕ್ಕೆ ಪೂರ್ತಿಯಾಗಿ ಬರಲಾರವು. ಗರಡಿಯಲ್ಲಿ ದೈವಗಳಾದವರು ಪುಸ್ತಕದಲ್ಲಿ ಮನುಷ್ಯರಾಗುತ್ತಾರೆ. ಇದನ್ನು ನಷ್ಟವೆಂದು ಎಣಿಸುವ ಜಾನಪದ ವಿದ್ವಾಂಸರ ನಿಲುವಿನಲ್ಲಿ ಹುರುಳಿದೆ. ಆದರೆ ತುಳು ತಿಳಿಯದ ಧಾರವಾಡದ, ಮೈಸೂರಿನ, ರಾಯಚೂರಿನ ಮಗುವಿಗೆ ದೇಯಿ ಬೈದೆತಿಯ ಮಕ್ಕಳು ಪರಿಚಿತರಾಗಲು ಈ ಪುಸ್ತಕವೇ ಹಾದಿಯಾಯಿತು ಎಂಬುದನ್ನೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಡಬೇಕು. ಒಂದು ಸಮುದಾಯದ ನೆನಪು ಒಂದು ಭಾಷೆಯ ಆಸ್ತಿಯಾದುದು ಹೀಗೆ.

5

ಪಂಜೆಯವರ ವೃತ್ತಿಜೀವನದ ಉತ್ತರಾರ್ಧವು ಕೊಡಗಿನಲ್ಲಿ ಕಳೆಯಿತು. ಅಲ್ಲಿ ಶಾಲಾ ತನಿಖಾಧಿಕಾರಿಯಾಗಿದ್ದು, ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿಯೂ ಕೆಲಸಮಾಡಿದರು. ನಿವೃತ್ತರಾದ ಮೇಲೆ, 1934ರಲ್ಲಿ, ರಾಯಚೂರಿನಲ್ಲಿ ಸೇರಿದ 20ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯು ಅವರನ್ನು ಅರಸಿಕೊಂಡು ಬಂದಿತು.

ಈ ಆಯ್ಕೆಯ ಔಚಿತ್ಯವನ್ನು ಅರಿಯಬೇಕಾದರೆ ಅಂದಿನ ಹೈದರಾಬಾದ್ ಸಂಸ್ಥಾನದ ಕನ್ನಡ ಮಕ್ಕಳ ಸ್ಥಿತಿಯನ್ನು ನೆನೆಯಬೇಕು. ರಾಯಚೂರು, ಗುಲಬರ್ಗಾ, ಬೀದರ್ ಈ ಮೂರು ಜಿಲ್ಲೆಗಳ ಕನ್ನಡಿಗರಿಗೆ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಭಾರತೀಯ ಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮವಾಗಿಸಿ ದೇಶಕ್ಕೆ ಹೊಸ ದಾರಿ ತೋರಿತು. ಆದರೆ ಆ ಭಾಷೆ ಕನ್ನಡ ಮಗುವಿನ ಮನೆಮಾತಾಗಿರಲಿಲ್ಲ. ಗುಲಬರ್ಗಾದ ನೂತನ ವಿದ್ಯಾಲಯದಂಥ ಖಾಸಗಿ ಶಾಲೆಗಳ ಆಸರೆ ಎಲ್ಲರಿಗೂ ದೊರೆಯುವಂತಿರಲಿಲ್ಲ. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಗುಲಬರ್ಗಾದಲ್ಲಿ ನಡೆದ ಸಮ್ಮೇಳನದ ನಂತರ ಆರು ವರ್ಷಕ್ಕೆ ರಾಯಚೂರಿನಲ್ಲಿ ಕನ್ನಡಿಗರು ಮತ್ತೆ ಸೇರಿದಾಗ ಅವರ ಮುಂದಿದ್ದುದು ಕಾವ್ಯಮೀಮಾಂಸೆಗಿಂತ ಮೊದಲಿನ ಪ್ರಶ್ನೆ: ಮುಂದಿನ ತಲೆಮಾರು ಕನ್ನಡವನ್ನು ಓದಬಲ್ಲುದೇ ಎಂಬುದು. ಇಂಥ ನಾಡಿನಲ್ಲಿ ಬಾಳನ್ನೆಲ್ಲ ಶಾಲೆಗಳಲ್ಲಿ ಸವೆಸಿದ, ಅನ್ಯಭಾಷೆಯ ಮಗುವನ್ನು ಕನ್ನಡಕ್ಕೆ ಒಲಿಸುವ ವಿದ್ಯೆಯನ್ನು ಬಲ್ಲ ಅಧ್ಯಾಪಕರು ಅಧ್ಯಕ್ಷಪೀಠದಲ್ಲಿ ಕುಳಿತುದು ಅರ್ಥಪೂರ್ಣವಾಗಿತ್ತು. ಮಕ್ಕಳ ಸಾಹಿತ್ಯಕ್ಕೆ ಪ್ರೌಢ ಸಾಹಿತ್ಯದ ಪಂಕ್ತಿಯಲ್ಲಿ ಸ್ಥಾನ ಸಿಕ್ಕ ಸಂದರ್ಭವಾಗಿಯೂ ಅದನ್ನು ಪರಿಭಾವಿಸಬಹುದು.

ಮೂರು ವರ್ಷಗಳ ಬಳಿಕ ಹೈದರಾಬಾದಿನಲ್ಲಿದ್ದಾಗ ನ್ಯುಮೋನಿಯಾ ಅವರನ್ನು ಹಿಡಿಯಿತು. ಪ್ರತಿಜೀವಕ ಔಷಧಗಳು ಇನ್ನೂ ಬಳಕೆಗೆ ಬಾರದಿದ್ದ ಕಾಲದಲ್ಲಿ ಅರವತ್ತು ದಾಟಿದವರಿಗೆ ಆ ಕಾಯಿಲೆ ಪ್ರಾಣಾಂತಿಕವಾಗುತ್ತಿದ್ದುದೇ ಹೆಚ್ಚು. 1937ರ ಅಕ್ಟೋಬರಿನಲ್ಲಿ ತಮ್ಮ 63ನೆಯ ವಯಸ್ಸಿನಲ್ಲಿ ಪಂಜೆಯವರು ನಿಧನರಾದರು. ಮುಂದೆ 1948ರಲ್ಲಿ ಸಂಸ್ಥಾನವು ಭಾರತದ ಒಕ್ಕೂಟದಲ್ಲಿ ಸೇರಿತು. 1956ರಲ್ಲಿ ಅದರ ಕನ್ನಡ ಜಿಲ್ಲೆಗಳೂ ಅವರು ಹುಟ್ಟಿದ ದಕ್ಷಿಣ ಕನ್ನಡವೂ ಬಾಳಿದ ಕೊಡಗೂ ಒಂದೇ ರಾಜ್ಯದೊಳಗೆ ಬಂದವು. ಅವರು ಕೊನೆಯುಸಿರೆಳೆದ ನಗರ ಮಾತ್ರ ಹೊರಗುಳಿಯಿತು. ಹೀಗೆ ಹೊರಗುಳಿದ ನಗರದಲ್ಲಿಯೂ ಕನ್ನಡವನ್ನು ಕಲಿಯುವವರು, ಕಲಿಸುವವರು ಇದ್ದಾರೆ. ಮನೆಯ ಮಾತೊಂದು, ಬೀದಿಯ ಮಾತೊಂದು, ಶಾಲೆಯ ಮಾತು ಮತ್ತೊಂದಾಗಿರುವ ಅವರ ಮಕ್ಕಳ ಸ್ಥಿತಿಯು ಬಂಟವಾಳದ ಆ ಬಾಲಕನ ಸ್ಥಿತಿಗಿಂತ ಬಹಳ ಬೇರೆಯಲ್ಲ.

ಕನ್ನಡವನ್ನು ಉಳಿಸುವ ಕುರಿತಾದ ಚರ್ಚೆಗಳಲ್ಲಿ ಶಾಸನ, ಮಾಧ್ಯಮ, ಉದ್ಯೋಗ ಇವುಗಳ ಮಾತು ಬರುವುದು ಅಗತ್ಯವೇ. ಪಂಜೆಯವರ ಬಾಳು ಇವುಗಳಿಗೆ ಇನ್ನೊಂದನ್ನು ಸೇರಿಸುತ್ತದೆ. ಮಗುವಿಗೆ ಮತ್ತೆ ಮತ್ತೆ ಕೇಳಬೇಕೆನಿಸುವ ಕಥೆಯೊಂದು ಒಂದು ಭಾಷೆಯಲ್ಲಿ ಇರುವವರೆಗೆ ಆ ಮಗು ಆ ಭಾಷೆಯ ಬಾಗಿಲಿಗೆ ಬಂದೇ ಬರುತ್ತದೆ. ಅಂಥ ಕಥೆಯನ್ನು ಬರೆಯುವುದು ವಿದ್ವತ್ತಿನ ಕೆಳಗಿನ ಕೆಲಸವಲ್ಲ. ಕೇಶಿರಾಜನನ್ನು ಪರಿಷ್ಕರಿಸಿದ ಕೈಯೇ ‘ಕೋಟಿ ಚೆನ್ನಯ’ವನ್ನು ಬರೆಯಿತು. ಕನ್ನಡದ ಅಧ್ಯಾಪಕರಾಗಲು ಹೊರಟವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.